ಅಲೆಯೂ ಸುಳಿಯೂ, ಒಂದೇ ಸ್ವರದ ಮೇಲೆ

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕು? ಜರ್ಮನಿಯ ಲೈಪ್‌ಜಿಗ್‌ನ ಮಂಜಿನಿಂದ ಎಂದು ಮೊದಲು ಬರೆದೆ. ಮಂಜು ಯಾರ ಕಥೆಯನ್ನಾದರೂ ಆರಂಭಿಸಬಲ್ಲದು, ಆದ್ದರಿಂದ ಹೊಡೆದುಹಾಕಿದೆ. ಒಟೀಲಿಯ ಬ್ರಾಂಡಿಸ್ ಅವರ ಗೆಲುವಿನಿಂದಲೇ ಆರಂಭಿಸೋಣ.

ಐವತ್ತು ವರ್ಷಗಳ ಹಿಂದೆ, ಸಂಗೀತ ಪ್ರಕಾಶನವೊಂದರ ಕಿರಿಯ ಸಂಪಾದಕಿಯಾಗಿದ್ದ ಆಕೆ, ಹಳೆಯ ಪಿಯಾನೋ ಕೃತಿಯೊಂದರ ಎರಡು ಮೊದಲ ಮುದ್ರಣಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದರು. ಪ್ಯಾರಿಸ್ಸಿನ ಪ್ರತಿಯಲ್ಲಿ ಒಂದು ಸ್ವರದ ತಲೆಯ ಮೇಲೆ ಅಲೆಗೆರೆ: ಬೆರಳು ಅಲ್ಲಿ ನಡುಗಬೇಕು. ಲೈಪ್‌ಜಿಗ್‌ನ ಪ್ರತಿಯಲ್ಲಿ ಅದೇ ಸ್ವರಕ್ಕೆ ಸುಳಿ: ಬೆರಳು ಸ್ವರವನ್ನು ಒಮ್ಮೆ ಬಳಸಿ ಬರಬೇಕು. ಎರಡನ್ನೂ ಬರೆದು ಕಳುಹಿಸಿದವನು ಒಬ್ಬನೇ ಸಂಗೀತಗಾರ.

“ಯಾವುದು ಸರಿ?” ಮುಖ್ಯ ಸಂಪಾದಕ ಕೂನರ್ಟ್ ಗದರಿದರು.

“ಎರಡೂ, ಸಾರ್.”

“ಎರಡೂ ಸರಿ ಅನ್ನೋಕೆ ಸಂಪಾದಕಿ ಯಾಕಮ್ಮ ಬೇಕು?”

ಚಳಿಗಾಲವಿಡೀ ವಾದ ನಡೆಯಿತು. ಕೊನೆಗೊಂದು ದಿನ ಒಟೀಲಿಯ ಪುಸ್ತಕಗಳನ್ನು ಮುಚ್ಚಿ, ಕೂನರ್ಟರನ್ನೇ ಪಿಯಾನೋದ ಮುಂದೆ ಕೂರಿಸಿದರು. ಅವರು ನೆನಪಿನಿಂದ ನುಡಿಸಿದಾಗ ಅಲೆ ಬಂತು. ಮತ್ತೊಮ್ಮೆ ನುಡಿಸಿ ಎಂದು ಒಟೀಲಿಯ ಕೇಳಿಕೊಂಡಾಗ ಸುಳಿ ಬಂತು. ಬೆರಳು ಬದಲಾದದ್ದು ಅವರಿಗೆ ತಿಳಿಯಲೇ ಇಲ್ಲ. ಆ ಪುಸ್ತಕ ಅಲೆಯನ್ನು ದೊಡ್ಡದಾಗಿ, ಅದರ ಮೇಲೆ ಸುಳಿಯನ್ನು ಚಿಕ್ಕದಾಗಿ ಹೊತ್ತು ಹೊರಬಂತು.

೨

(ಓದುಗರೇ, ಕೂನರ್ಟ್ ನಾಚಿ ತಲೆತಗ್ಗಿಸಿದರೆಂದು ಇಲ್ಲಿ ಬರೆದಿದ್ದೆ. ಒಟೀಲಿಯ ಬಿಡಲಿಲ್ಲ. “ನಾಚಿದ್ರಾ? ಆ ಮನುಷ್ಯ ಕಾಫಿ ತರಿಸ್ಕೊಂಡ್ರು, ಅಷ್ಟೆ.”)

೪

(ಮೂರನೆಯದರಲ್ಲಿ ಒಂದು ಪ್ರೇಮವಿತ್ತು. ಅದನ್ನೂ ಅವರೇ ತೆಗೆಸಿದರು.)

ಈಗ ಅದೇ ಪ್ರಕಾಶನದ ಹೊಸ ಸಂಪಾದಕಿ ವೀಬ್ಕೆ, ಲ್ಯಾಪ್‌ಟಾಪ್ ತೆರೆದುಕೊಂಡು, ಒಟೀಲಿಯರ ಮನೆಯಲ್ಲಿ ಪ್ಲಮ್ ಕೇಕ್ ತಿನ್ನುತ್ತಿದ್ದಾಳೆ. ಆ ಪುಸ್ತಕದ ಹೊಸ ಮುದ್ರಣದಲ್ಲಿ ಒಂದು ಸ್ವರಕ್ಕೆ ಒಂದೇ ಚಿಹ್ನೆ ಎಂದು ಮೇಲಿನವರ ಅಪ್ಪಣೆ. ಸಂಜೆಯೊಳಗೆ ಅವಳು ಒಂದನ್ನು ಅಳಿಸಬೇಕು.

“ಚಿಕ್ಕದನ್ನ ತೆಗೀತೀನಿ, ಫ್ರಾವ್ ಬ್ರಾಂಡಿಸ್. ಬೇಜಾರ್ ಮಾಡ್ಕೋಬೇಡಿ. ಕೊನೇಲಿ ಟಿಪ್ಪಣಿ ಹಾಕ್ತೀನಿ.”

“ಟಿಪ್ಪಣೀನ ಯಾರು ನುಡಿಸ್ತಾರೆ, ಮಗೂ?”

ವೀಬ್ಕೆ ಎರಡು ಹಳೆಯ ಪುಟಗಳನ್ನು ಪರದೆಯ ಮೇಲೆ ಒಂದರ ಮೇಲೊಂದು ಹರಡಿದಳು. ಅಲೆಯ ಮೂಲಕ ಸುಳಿ ಕಂಡಿತು, ನೀರಿನ ತಳದಲ್ಲಿ ಎಲೆಯೊಂದು ಹೊರಳಿದಂತೆ. ಒಟೀಲಿಯರಿಗೆ ತೂಕಡಿಕೆ ಬಂತು. ಅರೆನಿದ್ದೆಯಲ್ಲಿ ಗೋಡೆಗಳು ತೆಳುವಾದವು. ಪ್ಯಾರಿಸ್ಸಿನ ಸಂಜೆಯೂ ಲೈಪ್‌ಜಿಗ್‌ನ ಮಧ್ಯಾಹ್ನವೂ ಒಂದೇ ಕೋಣೆಗೆ ಬಂದು, ಯಾವುದು ಮೊದಲು ಬಂದದ್ದೆಂಬ ಜಗಳವಿಲ್ಲದೆ ಕುಳಿತವು.

೫

ಒಂದು ಅಂತ್ಯ: ವೀಬ್ಕೆ ಎರಡನ್ನೂ ಉಳಿಸಿ ಕೆಲಸ ಕಳೆದುಕೊಳ್ಳುತ್ತಾಳೆ. (ಒಟೀಲಿಯ, ಕಣ್ಣು ಮುಚ್ಚಿಯೇ: “ಆ ಹುಡುಗಿ ಮನೆ ಬಾಡಿಗೆ ನೀವು ಕಟ್ತೀರಾ?”)

ಮತ್ತೊಂದು: ಸುಳಿ ಅಳಿಯುತ್ತದೆ; ಕುರ್ಚಿಯಲ್ಲೇ ಒಟೀಲಿಯರ ಉಸಿರು ನಿಲ್ಲುತ್ತದೆ. (“ನನ್ಯಾಕ್ರೀ ಸಾಯಿಸ್ತೀರಿ? ನಾಳೆ ಹಲ್ಲಿನ ಡಾಕ್ಟರ್ ಹತ್ರ ಹೋಗ್ಬೇಕು.”)

ಇನ್ನೊಂದನ್ನು ಹೆಣೆಯುವಷ್ಟು ತಾಳ್ಮೆ ನನಗಿದೆ, ಪುರುಸೊತ್ತೂ ಇದೆ. ಆದರೆ ನನ್ನ ಅನುಮತಿಗೆ ಕಾಯುವ ಜನರಲ್ಲ ಇವರು. ವೀಬ್ಕೆಯ ಬೆರಳು ಅಳಿಸುವ ಕೀಲಿಯ ಮೇಲೆ ನಿಂತಿತು. ಒತ್ತಲಿಲ್ಲ, ತೆಗೆಯಲೂ ಇಲ್ಲ.

“ಫ್ರಾವ್ ಬ್ರಾಂಡಿಸ್, ಎಚ್ಚರ ಇದೀರಾ?”

“ನಿದ್ದೆ ಮಾಡೋಕೆ ಬಿಟ್ರೆ ತಾನೆ?”

“ನಮ್ಮ ಬಾಸ್‌ಗೂ ಪಿಯಾನೋ ಬರುತ್ತೆ. ಭಾರಿ ಜಂಬ.” ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಆ ಕೂನರ್ಟ್ ಅವರನ್ನ ಅವತ್ತು ಏನ್ ಹೇಳಿ ಕೂರಿಸಿದ್ರಿ? ಮೊದ್ಲಿಂದ ಇನ್ನೊಂದ್ಸಲ ಹೇಳಿ.”