ಆಡಿನ ದೊಡ್ಡಿಯ ಬೀಜ

ಕೊಕಟನೂರಿನ ಆಚೆಯ ಬೋಳು ಮರಡಿ ಗುಡ್ಡಕ್ಕೆ ಮತ್ತೆ ಗಿಡ ಹಚ್ಚುವುದು ನನ್ನ ಕೆಲಸ. ಡಿಪ್ಲೊಮಾ ಓದಿ ಸಂಸ್ಥೆಯೊಂದನ್ನು ಸೇರಿದ್ದೇನೆ. ಮಳೆ ಕೈಕೊಟ್ಟರೂ ಇಲ್ಲಿ ಬದುಕುವ ಮರ ಯಾವುದೆಂದು ನಿದ್ದೆಗಣ್ಣಲ್ಲಿ ಕೇಳಿದರೂ ಜಾಲಿ ಎನ್ನುತ್ತೇನೆ. ಆದರೆ ಈ ಸಲ ನಮ್ಮ ನರ್ಸರಿಯ ಎರಡು ಸಾವಿರ ಸಸಿಚೀಲಗಳಲ್ಲಿ ಹಾಕಿದ ಜಾಲಿ ಬೀಜ ಇಪ್ಪತ್ತು ದಿನ ಕಳೆದರೂ ಮೊಳೆಯಲಿಲ್ಲ. ಅಲ್ಲೊಂದು ಇಲ್ಲೊಂದು ಎದ್ದಿತ್ತು, ಅಷ್ಟೇ. ತಿಂಗಳೊಳಗೆ ಸಸಿ ಏಳದಿದ್ದರೆ ನರ್ಸರಿಯನ್ನು ರಾಯಬಾಗಕ್ಕೆ ಒಯ್ಯುವುದಾಗಿ ಸಂಸ್ಥೆಯ ಮೇಲಧಿಕಾರಿ ಉತ್ತಮ ಸಾಹೇಬರು ಹೇಳಿ ಹೋದರು. ಹಾಗಾದರೆ ಮರಡಿಯೂ ಬೋಳು, ನಾನೂ ಮನೆಗೆ.

ಒಳ್ಳೆಯ ಬೀಜ ಎಲ್ಲಿದೆಯೆಂದು ನನಗೆ ಗೊತ್ತಿತ್ತು. ನನ್ನ ಸೋದರತ್ತೆ ಸಕ್ಕುಬಾಯಿಯ ಆಡಿನ ದೊಡ್ಡಿಯ ಹಿಂದೆ ಪ್ರತಿ ಮಳೆಗಾಲ ಜಾಲಿ ಸಸಿಗಳು ಒತ್ತೊತ್ತಾಗಿ ಏಳುತ್ತವೆ. ಗೊತ್ತಿದ್ದೂ ಅತ್ತ ಕಾಲು ಏಳಲಿಲ್ಲ. ಅವಳ ಆಡುಗಳು ಮರಡಿ ಹತ್ತದಂತೆ ಸುತ್ತಲೂ ಕಂದಕ ತೋಡಿಸಿದವಳು ನಾನೇ. ಅವಳನ್ನು ಒಂದು ಮಾತು ಕೇಳಿರಲಿಲ್ಲ. ಓದಿದ ಹುಡುಗಿಯ ಸೊಕ್ಕು, ಬೇರೇನಲ್ಲ. ಆಡುಗಳಿಗೆ ನೀರು ಕುಡಿಸಲು ಹಳ್ಳಕ್ಕೆ ಹೋಗುವ ದಾರಿಯೂ ಕಡಿದುಹೋಗಿ, ಅವಳು ಅವುಗಳನ್ನು ಎರಡು ಮೈಲು ಸುತ್ತಿಸಿ ಒಯ್ಯುತ್ತಿದ್ದಳು. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಳು.

ಕೊನೆಗೆ ಹೋದೆ.

“ಬರ್ರಿ ಮೇಡಂ,” ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಬೀಜ ಬೇಕೆಂದು ತಡವರಿಸಿದೆ. ಅತ್ತೆ ಕಸಬರಿಗೆ ಕೊಟ್ಟು ದೊಡ್ಡಿ ಗುಡಿಸಲು ಹೇಳಿದಳು. ಕಾಯಿ ತಿಂದ ಆಡುಗಳು ಮೆಲುಕು ಹಾಕುವಾಗ ಬೀಜ ಉಗುಳುತ್ತವೆ, ಹೊಟ್ಟೆಯಲ್ಲಿ ನೆನೆದ ಆ ಬೀಜವೇ ಬೇಗ ಹುಟ್ಟುತ್ತದೆ ಎಂದು ವಿವರಿಸಿದಳು. ಮಧ್ಯಾಹ್ನದವರೆಗೆ ಇಬ್ಬರೂ ಹಿಕ್ಕೆಯಲ್ಲಿ ಕೈಯಾಡಿಸಿ ಬೀಜ ಆರಿಸಿದೆವು. ನನ್ನ ಡಿಪ್ಲೊಮಾದಲ್ಲಿ ಈ ಪಾಠ ಇರಲಿಲ್ಲ.

ಆ ಬೀಜ ಹಾಕಿದ ಒಂಬತ್ತನೆಯ ದಿನ ಚೀಲಗಳಲ್ಲಿ ಹಸಿರು ಕಂಡಿತು. ನರ್ಸರಿ ಉಳಿಯಿತು. ಸಾಹೇಬರಿಗೆ ಫೋನ್ ಮಾಡಿ, ಹಳ್ಳದ ದಾರಿಗೆ ಅಡ್ಡವಾದ ಕಂದಕ ಮುಚ್ಚಬೇಕೆಂದೆ. ಆಡುಗಳು ಸಸಿ ತಿಂದರೆ ಯಾರು ಹೊಣೆ ಎಂದು ಅವರು ಕೇಳಿದರು. ನಾನೇ ಎಂದೆ. ಒಪ್ಪಿದರು.

ಮರುದಿನ ಅತ್ತೆಯನ್ನು ಮರಡಿಗೆ ಕರೆದುಕೊಂಡು ಹೋಗಿ, ಎಲ್ಲಿಂದ ಎಲ್ಲಿಯವರೆಗೆ ಮುಚ್ಚಬೇಕೆಂದು ಕೇಳಿದೆ. ಅವಳು ಅಂಚಿನಲ್ಲಿ ನಡೆದು ಆರೇ ಹೆಜ್ಜೆ ಅಳೆದಳು.

“ಇಷ್ಟ ಸಾಕು. ಉಳಿದದ್ದ ಹಂಗ ಇರಲಿ, ಇಲ್ಲಾಂದ್ರ ಒಂದ ಸಸಿನೂ ಉಳಿಯಂಗಿಲ್ಲ.”

ತಪ್ಪಾಯಿತು ಅತ್ತೆ ಎಂದೆ. ಅವಳು ನನ್ನತ್ತ ನೋಡಲಿಲ್ಲ.

“ಅವತ್ತ ಒಂದ ಮಾತ ಕೇಳಿದ್ರ, ಎಲ್ಲಿ ಅಗೀಬೇಕಂತ ನಾನ ತೋರಸ್ತಿದ್ನಿ. ಗಿಡ ನನಗೂ ಬೇಕಲ್ಲೇನ ಬೇ, ಗಂಗಾ?”

ನನಗೆ ಅಳು ಬಂತು. ಅತ್ತೆ ಆಗಲೇ ಸಲಿಕೆ ಹಿಡಿದು ಕಂದಕಕ್ಕೆ ಮಣ್ಣು ಎಳೆಯತೊಡಗಿದ್ದಳು.