ಲಿಫ್ಟಣ್ಣನ ಬೆನ್ನು

ಖಾಲಿ ಸ್ಟ್ರೆಚರನ್ನು ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ, ನೆಟ್ಟಗೆ ಮಾಡಿ, ಮತ್ತೆ ಓರೆ ಮಾಡಿ ನೋಡುತ್ತಿದ್ದರು ಲಿಫ್ಟಣ್ಣನ ತಮ್ಮ ಮತ್ತು ಅಳಿಯ. ಐದನೇ ಮಹಡಿಯಿಂದ ದೇಹವನ್ನು ಇಳಿಸಬೇಕಿತ್ತು. ಕಟ್ಟಡದ ಲಿಫ್ಟ್ ಕೆಟ್ಟು ಎರಡು ವರ್ಷವಾಗಿತ್ತು. ಮೂವತ್ತು ವರ್ಷ ದೇಶದ ಅಧ್ಯಕ್ಷರ ಕಚೇರಿಯಲ್ಲಿ ಲಿಫ್ಟ್ ನಡೆಸಿ ಊರಿಗೆಲ್ಲ ಲಿಫ್ಟಣ್ಣ ಎನಿಸಿಕೊಂಡವರು ಕೊನೆಗಾಲದಲ್ಲಿ ಮನೆಗೆ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು.

ಬೆಳಿಗ್ಗೆ ಫೋನು ಬಂದಾಗಿನಿಂದ ಇಬ್ಬರಿಗೂ ಜಗಳ. ಮಾಜಿ ಅಧ್ಯಕ್ಷರು ಅಂತಿಮ ದರ್ಶನಕ್ಕೆ ಬರುತ್ತಾರಂತೆ. ತಮ್ಮ ನಲ್ಲಿ ರಿಪೇರಿಯವನು. ಈ ಗುಡ್ಡದ ಮೇಲಿನ ಮನೆಗಳಿಗೆ ನೀರು ಹತ್ತಿಸಿದ್ದು ಯಾರು, ಆ ಪುಣ್ಯಾತ್ಮ ಅಲ್ಲವೇ ಎಂಬುದು ಅವನ ವಾದ. ಅಳಿಯನದು ಔಷಧಿ ಅಂಗಡಿ. ಆ ಪುಣ್ಯಾತ್ಮನ ಕಾಲದಲ್ಲೇ ಆಸ್ಪತ್ರೆಗಳಿಗೆ ಔಷಧಿಯೆಂದು ಸುಣ್ಣದ ಮಾತ್ರೆ ಸರಬರಾಜಾಯಿತು, ಮಕ್ಕಳು ಸತ್ತರು, ನುಂಗಲು ನೀರು ಕೊಟ್ಟ ಮಾತ್ರಕ್ಕೆ ದೇವರಾಗಿಬಿಟ್ಟನೇ ಎಂದು ಅವನು. ಆತ ಬಂದರೆ ತಾನಂತೂ ಎದ್ದು ನಿಲ್ಲುವುದಿಲ್ಲ ಎಂದೂ ಹೇಳಿದ.

ಮಗಳು ಅಪ್ಪನ ತಲೆಯ ಬಳಿ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಧ್ಯಕ್ಷ ಒಳ್ಳೆಯವನೋ ಕೆಟ್ಟವನೋ ಅವಳಿಗೆ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಒಂದೇ: ಅಪ್ಪ ಅಂದು ಸುಳ್ಳು ಹೇಳಿದನೇ, ಇಲ್ಲವೇ? ಅದನ್ನು ಬಲ್ಲವರಲ್ಲಿ ಒಬ್ಬರು ಕಣ್ಣು ಮುಚ್ಚಿದ್ದರು, ಇನ್ನೊಬ್ಬರು ದಾರಿಯಲ್ಲಿದ್ದರು.

*

ಆಗ ಅವಳಿಗೆ ಹದಿನಾರು. ಮಾತ್ರೆಯ ಕಂಟ್ರಾಕ್ಟರನ ಮುಖವನ್ನೇ ಕಂಡಿಲ್ಲವೆಂದು ಅಧ್ಯಕ್ಷರು ಆಣೆ ಮಾಡಿದ್ದರು. ವಿಚಾರಣಾ ಆಯೋಗ ಮುಚ್ಚಿದ ಕೋಣೆಯಲ್ಲಿ, ಅಧ್ಯಕ್ಷರನ್ನು ಎದುರಿಗೆ ಕೂರಿಸಿಕೊಂಡು, ಒಬ್ಬೊಬ್ಬರನ್ನೇ ಕರೆದು ಕೇಳಿತು. ಅಪ್ಪನನ್ನೂ ಕರೆಯಿತು. ಸಂಜೆ ಅವನು ಬಂದು ಬೂಟು ಬಿಚ್ಚುತ್ತಿದ್ದಾಗ ಏನು ಹೇಳಿದೆ ಎಂದು ಅವಳು ಕೇಳಿದಳು.

"ಬೆನ್ನಿಗೆ ಕಣ್ಣಿರುತ್ತೇನೇ?" ಎಂದ ಅಪ್ಪ.

ಬಂದವರಿಗೆ ಬೆನ್ನು, ಗುಂಡಿಗಳಿಗೆ ಮುಖ ಮಾಡಿ ನಿಲ್ಲುವುದು ಅವನ ಕೆಲಸದ ನಿಯಮ. ಆಯೋಗದ ಮುಂದೆಯೂ ಇದೇ ಮಾತು ಹೇಳಿ ಜಾರಿಕೊಂಡನೆಂದು ಅವಳು ತಿಳಿದಳು. ಮುಂದೆ ಯಾರದೋ ಸಾಕ್ಷಿಯಿಂದ ಅಧ್ಯಕ್ಷರು ಕುರ್ಚಿ ಬಿಟ್ಟರು. ವರದಿಯಲ್ಲಿ ಹೆಸರಿರಲಿಲ್ಲ, ಯಾವನೋ ಕಾರ್ಯದರ್ಶಿ ಬಾಯಿಬಿಟ್ಟನೆಂದು ಊರೇ ತೀರ್ಮಾನಿಸಿತು. ಲಿಫ್ಟಣ್ಣ ಮಾತ್ರ ಉಪ್ಪಿನ ಋಣ ತೀರಿಸಿದ ಎಂದು ಬೀದಿಯವರು ನಕ್ಕರು. ಆ ಮಾತ್ರೆಯಿಂದ ತಮ್ಮನನ್ನು ಕಳೆದುಕೊಂಡಿದ್ದ ಹುಡುಗಿ ತರಗತಿಯಲ್ಲಿ ಇವಳ ಪಕ್ಕದಿಂದ ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂತಳು. ಅಂದಿನಿಂದ ಅಪ್ಪ ಮಗಳ ನಡುವೆ ಉಳಿದ ಮಾತು ಎರಡೇ: ಊಟ ಆಯ್ತಾ, ಮಾತ್ರೆ ತಗೊಂಡ್ಯಾ.

*

ಹನ್ನೊಂದು ಗಂಟೆಗೆ ಕೆಳಗಿನಿಂದ ಕೋಲಿನ ಸದ್ದು ಕೇಳಿಸಿತು. ಎಂಬತ್ತೈದರ ಮುದುಕರು ಒಂದೊಂದು ಮಹಡಿಗೂ ನಿಂತು, ಉಸಿರು ಕೂಡಿಸಿಕೊಂಡು ಹತ್ತುತ್ತಿದ್ದರು. ಎತ್ತಿಕೊಂಡು ಬರುತ್ತೇವೆಂದವರನ್ನು ಬೇಡ ಎಂದರಂತೆ. ಬಾಗಿಲುಗಳು ತೆರೆದವು. ಅವರು ಒಳಗೆ ಕಾಲಿಟ್ಟಾಗ ಮೊದಲು ಎದ್ದು ಕುರ್ಚಿ ತಂದವನು ಅಳಿಯನೇ.

ಅವರು ಕೂರಲಿಲ್ಲ. ದೇಹದ ಬಳಿ ತಲೆ ಬಾಗಿಸಿ ನಿಂತರು. ಈಗ ಕೇಳದಿದ್ದರೆ ಇನ್ನು ಯಾವತ್ತೂ ಇಲ್ಲ.

"ನಿಮ್ಮನ್ನ ಉಳಿಸೋಕೆ ಅಪ್ಪ ಸುಳ್ಳು ಹೇಳಿದ್ರಾ, ಸಾರ್?"

ಮುದುಕರು ಅವಳನ್ನೇ ನೋಡಿದರು. "ಉಳಿಸೋದಾ? ನನ್ನ ಇಳಿಸಿದ್ದೇ ನಿಮ್ಮಪ್ಪ, ತಾಯಿ."

ಆಮೇಲೆ ನಿಧಾನವಾಗಿ ಹೇಳಿದರು. ಲಿಫ್ಟಿನ ಗುಂಡಿಗಳ ಸುತ್ತ ಒಂದು ಹಿತ್ತಾಳೆ ತಗಡಿತ್ತು. ಲಿಫ್ಟಣ್ಣ ದಿನಾ ಬೆಳಿಗ್ಗೆ ಅದನ್ನು ಉಜ್ಜಿ ಕನ್ನಡಿ ಮಾಡಿಡುತ್ತಿದ್ದರು. "ನಾವೆಲ್ಲ ಅವರ ಬೆನ್ನು ನೋಡಿ ಧೈರ್ಯವಾಗಿದ್ವಿ. ಅವರು ಅದರಲ್ಲಿ ನಮ್ಮ ಮುಖ ನೋಡ್ತಿದ್ರು. ಕಂಟ್ರಾಕ್ಟರ್ ಮೂರು ಸಲ ನನ್ನ ಜೊತೆ ಹತ್ತಿದ್ದು, ನನ್ನ ಹೆಗಲ ಮೇಲೆ ಕೈ ಹಾಕಿ ನಕ್ಕಿದ್ದು, ಎಲ್ಲ ತಾರೀಕು ಸಮೇತ ನನ್ನೆದುರೇ ಹೇಳಿದ್ರು."

ಮರುದಿನ ಬೆಳಿಗ್ಗೆ ಲಿಫ್ಟಣ್ಣ ಎಂದಿನಂತೆ ನಮಸ್ಕಾರ ಮಾಡಿ ಬಾಗಿಲು ತೆಗೆದರಂತೆ. ಮುಖದಲ್ಲಿ ಗೆದ್ದ ಗರ್ವವಿಲ್ಲ, ತಪ್ಪು ಮಾಡಿದ ಅಳುಕಿಲ್ಲ. ದೇಶವೆಲ್ಲ ಕೈಮುಗಿಯುತ್ತಿದ್ದ ತನಗೆ ಆ ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಮೈಯೆಲ್ಲ ಬೆವೆತುಹೋಯಿತು ಎಂದರು.

"ಮನೆಯಲ್ಲೂ ಹೇಳಬಾರದು ಅಂತ ಇಬ್ಬರ ಹತ್ತಿರಾನೂ ಸಹಿ ತಗೊಂಡಿದ್ರು. ಅವರು ಮಾತು ಉಳಿಸಿಕೊಂಡರು. ನಾನು ಇವತ್ತು ಇದನ್ನೂ ಮುರಿದೆ."

ತಮ್ಮನೂ ಅಳಿಯನೂ ಅಧ್ಯಕ್ಷರನ್ನು ಮರೆತೇಬಿಟ್ಟರು. ಇಬ್ಬರ ಕಣ್ಣೂ ಮಲಗಿದ್ದ ಆ ಸಣ್ಣ ದೇಹದ ಮೇಲಿತ್ತು. ಮಗಳಿಗೆ ಅಳು ಬರಲಿಲ್ಲ. ಇಂಥವನ ಜೊತೆ ಮೂವತ್ತು ವರ್ಷ ಒಂದೇ ಮನೆಯಲ್ಲಿ ಇದ್ದೆನಲ್ಲ ಎಂದು ಬೆರಗಾಗಿ ಕೂತಳು.

ಮಾಜಿ ಅಧ್ಯಕ್ಷರು ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ದೇಹವನ್ನೂ ಎತ್ತಿದರು. ಮುಂದಿನ ಹಿಡಿಯನ್ನು ಮಗಳೇ ಹಿಡಿದಳು. ಭಾರ ಆಗುತ್ತೆ ಬಿಡಮ್ಮ ಎಂದ ಚಿಕ್ಕಪ್ಪನ ಮಾತು ಅವಳಿಗೆ ಕೇಳಿಸಲೇ ಇಲ್ಲ. ಮೂರನೇ ಮಹಡಿಯ ತಿರುವಿನಲ್ಲಿ ಮುದುಕರು ಸಿಕ್ಕರು. ಕೋಲನ್ನು ಎದೆಗವಚಿಕೊಂಡು, ಉಸಿರು ಬಿಗಿಹಿಡಿದು, ಗೋಡೆಗೆ ಅಂಟಿ ದಾರಿ ಬಿಟ್ಟರು.

ಮಗಳು ಅವರತ್ತ ನೋಡಲಿಲ್ಲ. ಅಪ್ಪನ ಕಡೆ ಬಾಗಿದ್ದಳು.

"ಇಲ್ಲಿ ಸ್ವಲ್ಪ ಇಕ್ಕಟ್ಟು, ಅಪ್ಪಾ" ಎನ್ನುತ್ತಿದ್ದಳು. "ನಾನು ಹಿಡ್ಕೊಂಡಿದೀನಿ."