ಹೊಳೆಗೆ ಬಿಟ್ಟ ಮೇಣ

ನನ್ನ ತಂಗಿಯ ಅತ್ತೆ ಚಿಕ್ಕಲಕ್ಷ್ಮಮ್ಮನ ಮುಖ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದನ್ನು ಮುಚ್ಚಿಡುವ ಜಾಯಮಾನ ನನ್ನದಲ್ಲ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಪ್ರೇಮಕುಮಾರಿ ಮೇಡಂ ಅಂದರೆ ಮೊದಲು ನೆನಪಾಗುವುದು ನನ್ನ ಬಾಯಿ, ಆಮೇಲೆ ಪಾಠ.

ತಂಗಿಗೆ ನಮ್ಮಜ್ಜಿಯ ಹೆಸರು, ನೀಲಗಂಗಮ್ಮ. ನಮಗೆಲ್ಲ ನೀಲ. ಶಾಂತಿಗ್ರಾಮದ ನಮ್ಮ ಮನೆಯಿಂದ ಹೊಳೆನರಸೀಪುರದ ಹತ್ತಿರ ಹೇಮಾವತಿ ದಂಡೆಯ ಊರಿಗೆ ಕೊಟ್ಟಿದ್ದೆವು. ಗಂಡ ಪುಟ್ಟರಾಜು ಡೈರಿಯ ಹಾಲಿನ ವ್ಯಾನ್ ಓಡಿಸುತ್ತಿದ್ದ. ಗದ್ದೆ, ತೋಟ, ಹಸು ಎಲ್ಲ ಇದ್ದವು, ಮಕ್ಕಳಾಗಲಿಲ್ಲ. ಅದಕ್ಕಾಗಿ ಅತ್ತೆ ಒಂದು ದಿನವೂ ಕೊಂಕು ಆಡಿದವರಲ್ಲ, ಅದನ್ನೂ ಹೇಳಬೇಕು. ಸೊಸೆಯನ್ನು "ಮಗ" ಎಂದೇ ಕರೆಯುತ್ತಿದ್ದರು.

ತೊಂಬತ್ತೊಂಬತ್ತರಲ್ಲಿ ನೀಲಳ ಎಡ ಎದೆಯಲ್ಲಿ ಗಂಟು ಕಾಣಿಸಿತು. ಹಾಸನದಲ್ಲಿ ಆಪರೇಷನ್ ಆಯಿತು, ಎದೆ ತೆಗೆದರು. ತೆಗೆದದ್ದರಲ್ಲಿ ಒಂದು ಚೂರನ್ನು ಮೈಸೂರಿನ ಲ್ಯಾಬಿಗೆ ಕಳಿಸಿ, ಕ್ಯಾನ್ಸರ್ ಹೌದು ಎಂದು ಖಾತ್ರಿ ಮಾಡಿಕೊಂಡರು. ಲ್ಯಾಬಿನವರು ಆ ಚೂರನ್ನು ಮೇಣದೊಳಗೆ ಹುದುಗಿಸಿ ಒಂದು ಸಣ್ಣ ಬಿಲ್ಲೆ ಮಾಡಿ ವಾಪಸು ಕಳಿಸಿದ್ದರು. ಬೆಲ್ಲದ ಚೂರಿನಷ್ಟು ದೊಡ್ಡದು, ಬಿಳಿ ಮೇಣ, ನಡುವೆ ಕಂದು ಬಣ್ಣದ ಮಾಂಸ. ಡಾಕ್ಟರು ಅದನ್ನು ಪುಟ್ಟರಾಜುವಿನ ಕೈಗೆ ಕೊಟ್ಟು, "ಜೋಪಾನವಾಗಿ ಇಟ್ಕೊಳಿ, ಮುಂದೆ ಬೇಕಾಗುತ್ತೆ" ಅಂದರು. ಅವನು ತಂದು ಗೋಡೆಯ ಗೂಡಿನಲ್ಲಿಟ್ಟ.

ಡ್ರಿಪ್ಪಿನ ಔಷಧಿ ಮುಗಿದು, ಉದುರಿದ ಕೂದಲು ಮತ್ತೆ ಚಿಗುರುವ ಹೊತ್ತಿಗೆ ಡಾಕ್ಟರು ನೀಲಳನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಕೆಲವರ ಕ್ಯಾನ್ಸರ್ ಕಣದೊಳಗೆ ಒಂದು ಪ್ರೋಟೀನ್ ಇರುತ್ತದೆ. ಹೆಂಗಸಿನ ಮೈಯ ಹಾರ್ಮೋನನ್ನು ಹಿಡಿದುಕೊಂಡು ರೋಗ ಬೆಳೆಸುವುದು ಅದೇ. ಅದು ಇದ್ದರೆ ಒಂದು ಮಾತ್ರೆಯಿದೆ, ಐದು ವರ್ಷ ನುಂಗಿದರೆ ಬದುಕುವ ಭರವಸೆ ಹೆಚ್ಚು. ಇಲ್ಲದಿದ್ದರೆ ಆ ಮಾತ್ರೆ ದಂಡ. ರೋಗದ ಜಾತಿಯೂ ಜೋರಿನದು ಎಂದು ತಿಳಿದು ಇನ್ನೂ ಗಟ್ಟಿ ಔಷಧಿ ಕೊಡಬೇಕು. "ಆ ಮೇಣದ ಬಿಲ್ಲೆ ತನ್ನಿ, ಬೆಂಗಳೂರಿಗೆ ಕಳಿಸೋಣ, ಗೊತ್ತಾಗುತ್ತೆ" ಅಂದರು.

ಊರಿಗೆ ಬಂದು ನೋಡಿದರೆ ಗೂಡು ಖಾಲಿ.

"ಅದುನ್ನ ಒಳೆಗೆ ಬುಟ್ಬುಟ್ಟೆ ಕಣವ್ವ" ಅಂದರು ಚಿಕ್ಕಲಕ್ಷ್ಮಮ್ಮ, ರಾಗಿ ಕೇರುತ್ತಿದ್ದ ಕೈ ನಿಲ್ಲಿಸದೆ. "ಮನೆವೊಳ್ಗೆ ಮಾರಿ ಮಡಿಕ್ಕಂಡು ಕೂರಕ್ಕಾಯ್ತದಾ? ಮೊರದಲ್ಲಿ ಬೇವಿನ ಸೊಪ್ಪಾಕಿ, ಅರಿಸಿನ ಕುಂಕುಮ ಇಟ್ಟು, ನಮ್ ಮಗೀನ ಬುಟ್ಟೋಗು ತಾಯಿ ಅಂತ ಕೈಮುಗುದು ಬಂದೆ."

ಆ ಊರಿನಲ್ಲಿ ಸಿಡುಬು, ದಡಾರ ಬಂದು ಇಳಿದಾಗ ಮಾರಿಯನ್ನು ಕಳಿಸುತ್ತಿದ್ದುದು ಹಾಗೆಯೇ. ಆಕೆಗೆ ಗೊತ್ತಿದ್ದ ದಾರಿ ಅದೊಂದೇ. ಆದರೆ ಅಷ್ಟು ಯೋಚಿಸುವ ತಾಳ್ಮೆ ನನಗೆಲ್ಲಿ? ಅಂಗಳದಲ್ಲೇ ನಿಂತು ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ತಂಗಿಯ ಜೀವವನ್ನು ಮೊರದಲ್ಲಿಟ್ಟು ಹೊಳೆಗೆ ತಳ್ಳಿದಿರಿ ಅಂದೆ. ಮುದುಕಿಯ ಕೈಯಿಂದ ಮೊರ ಜಾರಿ ರಾಗಿಯೆಲ್ಲ ಚೆಲ್ಲಿತು. "ಸಾಕು ಸುಮ್ನಿರಕ್ಕ" ಎಂದು ನೀಲ ನನ್ನನ್ನು ಒಳಕ್ಕೆ ಎಳೆದುಕೊಂಡು ಹೋದಳು.

ಮೈಸೂರಿನ ಲ್ಯಾಬಿನಲ್ಲಿ ಕೇಳಿಸಿದೆವು, ಉಳಿದದ್ದನ್ನೆಲ್ಲ ಎಸೆದಾಗಿತ್ತು. ಡಾಕ್ಟರು ತಲೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. "ಗೊತ್ತಿಲ್ಲದಿದ್ದರೂ ಮಾತ್ರೆ ಕೊಡೋಣ, ಪ್ರೋಟೀನ್ ಇದ್ದರೆ ಪುಣ್ಯ" ಎಂದು ಬರೆದುಕೊಟ್ಟರು.

ಅವತ್ತಿನಿಂದ ಆ ಮಾತ್ರೆ ಚಿಕ್ಕಲಕ್ಷ್ಮಮ್ಮನ ಪಾಲಿನ ಪೂಜೆಯಾಯಿತು. ಬೆಳಿಗ್ಗೆ ಮಿಂದು, ದೇವರ ಮುಂದೆ ದೀಪ ಹಚ್ಚಿ, ಮಾತ್ರೆಯನ್ನು ಅಂಗೈಲಿಟ್ಟುಕೊಂಡು ಬಂದು ಸೊಸೆಯ ಬಾಯಿಗೆ ತಾವೇ ಹಾಕಬೇಕು. ನೀಲ ನುಂಗುವ ತನಕ ಎದುರಿಗೇ ನಿಲ್ಲುವರು. ನಾನು ಹೋದಾಗ ನನ್ನ ಕಣ್ಣಿಗೆ ಬೀಳದ ಹಾಗೆ ಹಿತ್ತಿಲಿಗೆ ಹೋಗಿಬಿಡುವರು. ನಾನೂ ಕರೆದು ಮಾತನಾಡಿಸಲಿಲ್ಲ.

ಮೂರನೆಯ ವರ್ಷ ನೀಲಳ ಕತ್ತಿನ ಬುಡದಲ್ಲಿ ಗಂಟುಗಳೆದ್ದವು. ಡಾಕ್ಟರು ಅದರಿಂದ ಚೂರು ತೆಗೆದು ಈ ಸಲ ತಾವೇ ಬೆಂಗಳೂರಿಗೆ ಕಳಿಸಿದರು. ಫಲಿತಾಂಶ ಬಂದ ದಿನ ನೀಲಳ ಜೊತೆ ನಾನೊಬ್ಬಳೇ ಇದ್ದೆ. ಪ್ರೋಟೀನ್ ಇರಲಿಲ್ಲ. ಮೊದಲೂ ಇದ್ದಿರಲಾರದು ಅಂದರು ಡಾಕ್ಟರು. ಇಷ್ಟು ದಿನದ ಮಾತ್ರೆ ದಂಡ. ಆಗಲೇ ತಿಳಿದಿದ್ದರೆ ಬೇರೆ ಔಷಧಿ ಕೊಡಬಹುದಿತ್ತು, ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು. ಈಗ ಶ್ವಾಸಕೋಶಕ್ಕೂ ಹಬ್ಬಿದೆ. "ಆ ಮಾತ್ರೆ ನಿಲ್ಲಿಸಿಬಿಡಿ" ಎಂದರು.

ಹಾಸನದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನು ಅತ್ತುಬಿಟ್ಟೆ. ಅಳುವಾಗಲೂ ಸಿಟ್ಟು ನನ್ನನ್ನು ಬಿಡಲಿಲ್ಲ. "ಇವತ್ತು ಆ ನಿಮ್ಮತ್ತೆಗೆ ಹೇಳ್ತೀನಿ ತಾಳು. ಏನು ಮಾಡಿದ್ದಾರೆ ಅಂತ ಅವರಿಗೂ ಗೊತ್ತಾಗ್ಲಿ" ಅಂದೆ.

"ಹೇಳಿದ್ರೆ ನಾನು ಉಳೀತೀನಾ?" ಅಂದಳು ನೀಲ.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವಳೇ ಮುಂದುವರಿಸಿದಳು.

"ಪ್ರೋಟೀನ್ ಇತ್ತು, ಮಾತ್ರೆ ಸರಿಯಾದ್ದೇ ಅಂತ ಹೇಳ್ತೀನಿ. ಸರಿಯಾದ್ದೇ ಆಗಿದ್ರೆ, ಹೊಳೆಗೆ ಬಿಟ್ಟಿದ್ರಿಂದ ಏನೂ ಕೆಟ್ಟಿಲ್ಲ ಅಂತ ಆಗುತ್ತಲ್ಲ. ನಾನು ಹೋದ್ಮೇಲೆ ಅವರು ಆ ಮನೇಲಿ ಬದುಕ್‌ಬೇಕು ಕಣಕ್ಕ. ನೀನು ಬಾಯಿ ಬಿಡಕೂಡದು."

ಊರಿಗೆ ಹೋಗಿ ಅತ್ತೆಗೆ ಹಾಗೇ ಹೇಳಿದಳು. ಹೇಳಿದ ಮೇಲೆ ಮಾತ್ರೆ ನಿಲ್ಲಿಸುವ ಹಾಗಿಲ್ಲವಲ್ಲ. ನೀರು ಇಳಿಯುವುದೇ ಕಷ್ಟವಾಗಿದ್ದ ಗಂಟಲಿನಲ್ಲಿ, ಅತ್ತೆಯ ಅಂಗೈಯಿಂದ ಆ ದಂಡದ ಮಾತ್ರೆಯನ್ನು ದಿನವೂ ನುಂಗಿದಳು. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಹೋಗಿಬಿಟ್ಟಳು.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಚಿಕ್ಕಲಕ್ಷ್ಮಮ್ಮ ನಾನಿದ್ದಲ್ಲಿಗೆ ತಾವಾಗಿಯೇ ಬಂದರು. ನೀಲ ಸತ್ತಾಗ ಊರೆಲ್ಲ ಅತ್ತರೂ ಆಕೆ ಅತ್ತಿರಲಿಲ್ಲ. ಕಣ್ಣು ಬತ್ತಿಹೋಗಿದ್ದವು. ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ಪ್ರೇಮವ್ವ, ನಮ್ ಮಗ ಬಲೇ ಒಳ್ಳೇದು ಕಣವ್ವ. ನನ್ನ ಮನಸು ನೋಯ್ತದೆ ಅಂತ ಏನ್ ಬೇಕಾದ್ರೂ ಯೋಳೋದು. ನೀನಂಗಲ್ಲ. ನನ್ ಮ್ಯಾಲೆ ನಿಂಗೆ ಸಿಟ್ಟದೆ, ನೀನು ಸುಳ್ಳೇಳಕಿಲ್ಲ. ಅದ್ಕೇ ನಿನ್ನೇ ಕೇಳ್ತಿವ್ನಿ. ಆ ಮಾತ್ರೆ ಸರಿಯಾದ್ದೇ ಆಗಿತ್ತಾ?"

ಮೂರು ವರ್ಷದ ಸಿಟ್ಟು ಇನ್ನೂ ಆರಿರಲಿಲ್ಲ. ಹೇಳಿಬಿಡಲು ಒಂದೇ ಮಾತು ಸಾಕಿತ್ತು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿಯಾದ್ದೇ ಕಣಮ್ಮ" ಅಂದೆ. "ನೀವು ತಪ್ಪದೆ ಕೊಟ್ಟಿದ್ದಕ್ಕೇ ಅಷ್ಟು ದಿನ ಇದ್ಲು."

ಮುದುಕಿ ನನ್ನ ಕೈ ಹಿಡಿದುಕೊಂಡು ದನಿ ತೆಗೆದು ಅತ್ತರು. ನಾನು ಬಿಡಿಸಿಕೊಳ್ಳಲಿಲ್ಲ.